ಹಳೆಯ ಸರಕು ವಾಹನಕ್ಕೆ ಹೊಗೆ ತಪಾಸಣೆ: ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಸಾರಕ್ಕಿ, ಯಳಚೇನಹಳ್ಳಿಗಳ ಸಣ್ಣ ಕಾರ್ಖಾನೆಗಳ ಅಂಗಳದಲ್ಲಿಯೂ ಜಯನಗರದ ಮಳಿಗೆಗಳ ಹಿಂಬದಿಯ ಅಡ್ಡರಸ್ತೆಗಳಲ್ಲಿಯೂ ನಿಂತಿರುವ ಸರಕು ವಾಹನಗಳಲ್ಲಿ ಹತ್ತು, ಹದಿನೈದು ವರ್ಷ ದುಡಿದವು ಇಂದಿಗೂ ಸಾಕಷ್ಟಿವೆ. ಮಾಲೀಕರ ಲೆಕ್ಕದಲ್ಲಿ ನಿಜವಾಗಿ ಲಾಭ ತರುವ ವಾಹನಗಳು ಇವೇ. ಬ್ಯಾಂಕಿನ ಸಾಲ ತೀರಿರುತ್ತದೆ, ಚಾಲಕನಿಗೆ ಗಾಡಿಯ ಗುಣ ತಿಳಿದಿರುತ್ತದೆ, ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೆ ಎಂಟು ವರ್ಷ ತುಂಬಿದ ಮೇಲೆ, ಎಫ್.ಸಿ. ಎಂದು ಎಲ್ಲರೂ ಕರೆಯುವ ಅರ್ಹತಾ ಪತ್ರವನ್ನು ಎರಡು ವರ್ಷಕ್ಕೊಮ್ಮೆಯ ಬದಲು ಪ್ರತಿವರ್ಷವೂ ನವೀಕರಿಸಬೇಕಾಗುತ್ತದೆ. ಅದಕ್ಕೆ ಮೊದಲು ವಾಯುಮಾಲಿನ್ಯ ತಪಾಸಣೆಯ ಪತ್ರ ಕೈಯಲ್ಲಿರಬೇಕು. ಹೊಗೆಯ ಪ್ರಮಾಣ ಮಿತಿ ಮೀರಿದರೆ ಗಾಡಿ ಗ್ಯಾರೇಜಿಗೆ ಹಿಂದಿರುಗುತ್ತದೆ. ಒಂದೇ ವಾಹನವಿರುವ ಸಣ್ಣ ಉತ್ಪಾದಕರಿಗೆ ಅದರ ಅರ್ಥ, ಬಾಡಿಗೆ ಗಾಡಿಯಲ್ಲಿ ಸರಕು ಕಳುಹಿಸುವುದು ಇಲ್ಲವೇ ವಿಲೇವಾರಿಯ ದಿನಾಂಕವನ್ನು ಮುಂದೂಡುವಂತೆ ಗ್ರಾಹಕರನ್ನು ಕೇಳಿಕೊಳ್ಳುವುದು.

ಇಂತಹ ಸಂದರ್ಭದಲ್ಲಿ ಬಹುಮಂದಿ ಮಾಲೀಕರು ತಪಾಸಣೆಯನ್ನು ಅದೃಷ್ಟದ ವಿಷಯವೆಂದೋ, ಯಾರನ್ನಾದರೂ ಹಿಡಿದು ಮಾಡಿಸಿಕೊಳ್ಳಬೇಕಾದ ಕೆಲಸವೆಂದೋ ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಹಳೆಯ ವಾಹನಕ್ಕೆ ಕಾನೂನು ವಿಧಿಸಿರುವ ಮಿತಿ ಹೊಸ ವಾಹನದ ಮಿತಿಗಿಂತ ಸಡಿಲವಾಗಿದೆ. ಸುಸ್ಥಿತಿಯಲ್ಲಿರುವ ಹಳೆಯ ಎಂಜಿನ್ ಅದನ್ನು ದಾಟಿ ಹೋಗಬಲ್ಲದು. ದಾಟಲಾರದ ಎಂಜಿನ್ನಿನಲ್ಲಿ ಹುಡುಕಿದರೆ ಸಿಗುವ ದೋಷವೊಂದು ಇದ್ದೇ ಇರುತ್ತದೆ, ಮತ್ತು ಆ ದೋಷ ಬಹುತೇಕ ಇಂಧನದ ಖರ್ಚಿನಲ್ಲಿಯೂ ಮಾಲೀಕರನ್ನು ಕಾಡುತ್ತಿರುತ್ತದೆ.

ಯಾವ ವಾಹನಕ್ಕೆ ಯಾವ ಮಿತಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮವು ಬಳಕೆಯಲ್ಲಿರುವ ವಾಹನಗಳ ಹೊಗೆಯ ಮಿತಿಯನ್ನು ಗೊತ್ತುಪಡಿಸುತ್ತದೆ. ಮಿತಿಯನ್ನು ನಿರ್ಧರಿಸುವುದು ವಾಹನದ ವಯಸ್ಸಲ್ಲ. ತಯಾರಾದಾಗ ಅದು ಯಾವ ಭಾರತ್ ಸ್ಟೇಜ್ ಮಾನದಂಡಕ್ಕೆ ಒಳಪಟ್ಟಿತ್ತು ಎಂಬುದು.

ಡೀಸೆಲ್ ವಾಹನಗಳಲ್ಲಿ ಬಿ.ಎಸ್.-4ಕ್ಕೆ ಹಿಂದಿನವುಗಳಿಗೆ ಹಾರ್ಟ್‌ರಿಜ್ ಮಾಪನದಲ್ಲಿ 65, ಬಿ.ಎಸ್.-4 ವಾಹನಗಳಿಗೆ 50 ಗರಿಷ್ಠ ಮಿತಿ. ಪೆಟ್ರೋಲಿನ ನಾಲ್ಕು ಚಕ್ರದ ವಾಹನಗಳಲ್ಲಿ ಬಿ.ಎಸ್.-2ಕ್ಕೆ ಹಿಂದಿನವುಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 3 ಮತ್ತು ಹೈಡ್ರೋಕಾರ್ಬನ್ 1500 ಪಿಪಿಎಂ, ಬಿ.ಎಸ್.-2 ಮತ್ತು 3ಕ್ಕೆ ಶೇ. 0.5 ಮತ್ತು 750 ಪಿಪಿಎಂ, ಬಿ.ಎಸ್.-4ಕ್ಕೆ ಶೇ. 0.3 ಮತ್ತು 200 ಪಿಪಿಎಂ. 2000ದ ಮಾರ್ಚ್ ಕಳೆದ ಮೇಲೆ ತಯಾರಾಗಿ ಬಿ.ಎಸ್.-4ಕ್ಕೆ ಮೊದಲು ಬಂದ ಪೆಟ್ರೋಲ್ ಆಟೋಗಳಿಗೂ ದ್ವಿಚಕ್ರ ವಾಹನಗಳಿಗೂ ಕಾರ್ಬನ್ ಮಾನಾಕ್ಸೈಡ್ ಶೇ. 3.5ರ ಒಳಗಿರಬೇಕು. ಹೈಡ್ರೋಕಾರ್ಬನ್ ಎರಡು ಸ್ಟ್ರೋಕಿನವುಗಳಲ್ಲಿ 6000 ಪಿಪಿಎಂ, ನಾಲ್ಕು ಸ್ಟ್ರೋಕಿನವುಗಳಲ್ಲಿ 4500 ಪಿಪಿಎಂ ಮೀರುವಂತಿಲ್ಲ.

ಇಲ್ಲಿ ಸೆಕೆಂಡ್ ಹ್ಯಾಂಡ್ ವಾಹನ ಕೊಳ್ಳುವವರು ಎಚ್ಚರ ವಹಿಸಬೇಕಾದ ಅಂಶವೊಂದಿದೆ. ನಾಲ್ಕು ಚಕ್ರದ ವಾಹನಗಳಿಗೆ ಬೆಂಗಳೂರಿನಲ್ಲಿ ಬಿ.ಎಸ್.-3 ಮಾನದಂಡ 2005ರ ಏಪ್ರಿಲ್‌ನಿಂದಲೂ ಬಿ.ಎಸ್.-4 2010ರ ಏಪ್ರಿಲ್‌ನಿಂದಲೂ ಜಾರಿಗೆ ಬಂದವು. ಆಗ ಮಹಾನಗರಗಳ ಪಟ್ಟಿಯಲ್ಲಿಲ್ಲದ ಊರುಗಳಿಗೆ ಬಿ.ಎಸ್.-3 ತಲುಪಿದ್ದು 2010ರಲ್ಲಿ, ಬಿ.ಎಸ್.-4 ದೇಶಕ್ಕೆಲ್ಲ ಅನ್ವಯಿಸಿದ್ದು 2017ರ ಏಪ್ರಿಲ್ 1ರಿಂದ. ಆದ್ದರಿಂದ 2013ರಲ್ಲಿ ಜಯನಗರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೆಎ-05 ಸಂಖ್ಯೆ ಪಡೆದ ಲಘು ವಾಹನವೂ ಅದೇ ವರ್ಷ ತುಮಕೂರಿನಲ್ಲಿ ನೋಂದಣಿಯಾದ ಅದೇ ಮಾದರಿಯ ವಾಹನವೂ ಬೇರೆ ಬೇರೆ ಮಾನದಂಡದವು ಆಗಿರಬಹುದು. ಹೊರಗಿನ ಬಣ್ಣ, ಬಂಪರ್ ನೋಡಿ ಇದು ತಿಳಿಯುವುದಿಲ್ಲ. ಆರ್.ಸಿ.ಯಲ್ಲಿ ಅಥವಾ ಸಾರಿಗೆ ಇಲಾಖೆಯ ವಾಹನ್ ದಾಖಲೆಯಲ್ಲಿ ನಮೂದಾಗಿರುವ ಮಾನದಂಡವನ್ನು ಮೊದಲು ನೋಡಿಕೊಳ್ಳಬೇಕು. ಪತ್ರದ ಅವಧಿಯೂ ಇದನ್ನೇ ಅವಲಂಬಿಸಿದೆ: ಬಿ.ಎಸ್.-4 ಮತ್ತು ಅನಂತರದ ವಾಹನಗಳಿಗೆ ಒಂದು ವರ್ಷ, ಅದಕ್ಕೂ ಹಿಂದಿನವುಗಳಿಗೆ ಆರು ತಿಂಗಳು. ಆರು ತಿಂಗಳ ಪತ್ರವನ್ನು ವರ್ಷದ ಪತ್ರವೆಂದು ತಿಳಿದು ದಂಡ ತೆತ್ತವರು ವರ್ತಕರಲ್ಲಿ ಕಡಿಮೆಯಿಲ್ಲ.

ಡೀಸೆಲ್ ಎಂಜಿನ್ ಮತ್ತು ಬೆಂಗಳೂರಿನ ಗಾಳಿ

ಹೊಗೆಮಾಪಕದ ಕೆಲಸ ಸರಳ. 430 ಮಿ.ಮೀ. ಉದ್ದದ ಹೊಗೆಯ ಕೊಳವೆಯೊಂದರ ಒಂದು ತುದಿಯಿಂದ ಬೆಳಕು ಬಿಟ್ಟು, ಇನ್ನೊಂದು ತುದಿಯಲ್ಲಿ ಎಷ್ಟು ಬೆಳಕು ತಲುಪಿತೆಂದು ಅಳೆಯುವ ಲೆಕ್ಕವದು. 65 ಎಂದರೆ ಬೆಳಕಿನ ನೂರು ಪಾಲಿನಲ್ಲಿ 65 ಪಾಲನ್ನು ಹೊಗೆ ತಡೆಯಿತು ಎಂದರ್ಥ. ಈ ಸಂಖ್ಯೆಗಳಲ್ಲಿ ಒಂದು ಮೋಸವಿದೆ. 65 ಮತ್ತು 50ರ ನಡುವೆ ಅಂತರ ಹದಿನೈದೇ ಎಂದು ತೋರಿದರೂ, ಹೊಗೆಯ ಸಾಂದ್ರತೆಯನ್ನು ಹೇಳುವ ಇನ್ನೊಂದು ಮಾಪನದಲ್ಲಿ ಅವು ಮೀಟರಿಗೆ 2.45 ಮತ್ತು 1.62 ಆಗುತ್ತವೆ, ಅಂದರೆ ಬಿ.ಎಸ್.-4 ವಾಹನವು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೊಗೆ ಬಿಡಬೇಕು. 70 ತೋರಿಸಿದ ಹಳೆಯ ಗಾಡಿಯನ್ನು 60ಕ್ಕೆ ಇಳಿಸಲು ಬೇಕಾದ ಕೆಲಸವೂ ಆ ಹತ್ತು ಅಂಕಗಳು ಸೂಚಿಸುವುದಕ್ಕಿಂತ ಹೆಚ್ಚಿನದು.

ಅಳತೆ ನಡೆಯುವುದು ಗಾಡಿ ನಿಂತಿರುವಾಗ, ನ್ಯೂಟ್ರಲ್‌ನಲ್ಲಿ. ಚಾಲಕ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತುತ್ತಾನೆ. ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಏರುವಷ್ಟರಲ್ಲಿ ಪಂಪು ಪೂರ್ಣ ಪ್ರಮಾಣದ ಡೀಸೆಲ್ ಸುರಿಯುತ್ತದೆ. ಆ ಕೆಲವು ಕ್ಷಣಗಳಲ್ಲಿ ಸಿಲಿಂಡರಿನಲ್ಲಿರುವ ಗಾಳಿ ಅಷ್ಟು ಡೀಸೆಲನ್ನು ಸುಡಲು ಸಾಕಾಗದಿದ್ದರೆ ಉಳಿದದ್ದು ಮಸಿಯಾಗಿ ಹೊರಬರುತ್ತದೆ. ಒಟ್ಟಿನಲ್ಲಿ ಇದು ಗಾಳಿ ಮತ್ತು ಇಂಧನದ ತಕ್ಕಡಿಯ ಪರೀಕ್ಷೆ.

ಈ ತಕ್ಕಡಿ ಬೆಂಗಳೂರಿನಲ್ಲಿ ಮೊದಲೇ ಒಂದು ಕಡೆಗೆ ವಾಲಿರುತ್ತದೆ. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಚೆನ್ನೈ ಅಥವಾ ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಟರ್ಬೊ ಇರುವ ಎಂಜಿನ್ ಈ ಕೊರತೆಯನ್ನು ಒಂದಿಷ್ಟು ತುಂಬಿಕೊಳ್ಳುತ್ತದೆ. ಟರ್ಬೊ ಇಲ್ಲದ್ದಕ್ಕೆ ಆ ಅನುಕೂಲವಿಲ್ಲ. 2005ರಲ್ಲಿ ಮಾರುಕಟ್ಟೆಗೆ ಬಂದು ಸಣ್ಣ ವರ್ತಕರ ನಿತ್ಯದ ಗಾಡಿಯೇ ಆಗಿಬಿಟ್ಟ ಟಾಟಾ ಏಸ್‌ನ ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್ ಎಂಜಿನ್ ಇದಕ್ಕೆ ಉದಾಹರಣೆ. ಹಳೆಯ ಯಾಂತ್ರಿಕ ಪಂಪಿಗೆ ಗಾಳಿ ತೆಳುವಾಗಿದೆಯೆಂದು ತಿಳಿಯುವುದಿಲ್ಲ, ಅದು ಡೀಸೆಲನ್ನು ಎಂದಿನಷ್ಟೇ ಸುರಿಯುತ್ತದೆ. ಮಿತಿ ಮಾತ್ರ ಕರಾವಳಿಗೂ ಬೆಂಗಳೂರಿಗೂ ಒಂದೇ. ಹೊಸದಾಗಿದ್ದಾಗ ಎಂಜಿನ್ನಿಗೆ ಸಾಕಷ್ಟು ಅವಕಾಶವಿದ್ದುದರಿಂದ ಈ ಕೊರತೆ ತೋರುವುದಿಲ್ಲ. ವಾಹನ ಹಳೆಯದಾಗುತ್ತ ಬಂದಂತೆ, ಕರಾವಳಿಯಲ್ಲಿ ಪಾರಾಗಬಹುದಾಗಿದ್ದ ಸಣ್ಣ ದೋಷವೂ ಇಲ್ಲಿ ತಪಾಸಣೆಯಲ್ಲಿ ಬಯಲಾಗುತ್ತದೆ.

ಇದಕ್ಕೆ ಮನುಷ್ಯರು ಸೇರಿಸುವ ಕೇಡು ಮತ್ತೊಂದು. ಹೆಚ್ಚು ಭಾರ ಹೇರಿದ ಗಾಡಿ ಮೇಲ್ಸೇತುವೆ ಹತ್ತುವಾಗ ಎಳೆಯುವುದಿಲ್ಲವೆಂದು ಚಾಲಕ ದೂರುತ್ತಾನೆ. ಮೆಕ್ಯಾನಿಕ್ ಪಂಪಿನ ಮೊಹರು ಒಡೆದು ಗರಿಷ್ಠ ಇಂಧನದ ಸ್ಕ್ರೂವನ್ನು ಒಂದಿಷ್ಟು ತಿರುಗಿಸುತ್ತಾನೆ. ಒಂದೆರಡು ದಿನ ಎಳೆತ ಹೆಚ್ಚಿದಂತೆ ತೋರುವುದು ನಿಜ. ಎಫ್.ಸಿ. ಹತ್ತಿರ ಬಂದಾಗ ಅದೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ಪತ್ರ ಕೈಗೆ ಬಂದ ಸಂಜೆಯೇ ಮತ್ತೆ ಮುಂದಕ್ಕೆ ತಿರುಗಿಸುವ ಪದ್ಧತಿಯೂ ಇದೆ. ಇದನ್ನು ಜಾಣತನವೆಂದು ತಿಳಿದಿರುವ ಮಾಲೀಕರು ಒಂದು ಲೆಕ್ಕ ಹಾಕಬೇಕು: ಕಪ್ಪು ಹೊಗೆಯೆಂಬುದು ಹಣ ಕೊಟ್ಟು ಕೊಂಡು, ಸುಡದೆ ಹೊರಗೆ ಬಿಟ್ಟ ಡೀಸೆಲ್. ವರ್ಷದ ಉಳಿದ ದಿನಗಳಲ್ಲೆಲ್ಲ ಅದು ಬಂಕಿನ ಬಿಲ್ಲಿಗೆ ಸೇರುತ್ತಲೇ ಇರುತ್ತದೆ.

ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ. ಕಡಿಮೆ ಖರ್ಚಿನದು ಮೊದಲು, ಹೆಚ್ಚಿನದು ಕೊನೆಗೆ. ಬನಶಂಕರಿ, ಜೆ.ಪಿ. ನಗರಗಳ ಕಟ್ಟಡ ಕಾಮಗಾರಿಯ ಧೂಳಿನಲ್ಲಿ ಓಡಾಡುವ ಗಾಡಿಯ ಏರ್ ಫಿಲ್ಟರ್ ಕಂಪನಿ ಹೇಳಿದ ಅವಧಿಗಿಂತ ಬಹಳ ಮುಂಚೆಯೇ ಕಟ್ಟಿಕೊಳ್ಳುತ್ತದೆ. ಅದನ್ನು ತಟ್ಟಿ ಧೂಳು ಕೊಡವಿ ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ, ಬದಲಾಯಿಸಬೇಕು. ಗಾಳಿ ಹೋಗುವ ರಬ್ಬರ್ ಕೊಳವೆ ಒಳಗೆ ಕುಸಿದಿದೆಯೇ ನೋಡಬೇಕು. ಡೀಸೆಲ್ ಫಿಲ್ಟರಿನ ನೀರು ತೆಗೆಯಬೇಕು. ಟ್ಯಾಪೆಟ್ ಅಂತರವನ್ನು ಸರಿಪಡಿಸಬೇಕು. ಇಷ್ಟಾದರೂ ಹೊಗೆ ಇಳಿಯದಿದ್ದರೆ ನಾಜಲ್‌ಗಳನ್ನು ಕಳಚಿ ಪರೀಕ್ಷಾ ಯಂತ್ರದ ಮೇಲೆ ನೋಡಿಸಬೇಕು: ಒಳ್ಳೆಯ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ, ಸವೆದದ್ದು ಹನಿ ಹನಿಯಾಗಿ ತೊಟ್ಟಿಕ್ಕುತ್ತದೆ, ಆ ಹನಿಗಳೇ ಮಸಿಯಾಗುವುದು. ಹತ್ತು ವರ್ಷ ಮೀರಿದ, ನಾಜಲ್ ಒಮ್ಮೆಯೂ ಕಳಚದ ಗಾಡಿಯಲ್ಲಿ ದೋಷ ಇಲ್ಲಿಯೇ ಇರುವ ಸಾಧ್ಯತೆ ಹೆಚ್ಚು.

ಪಂಪಿನ ಟೈಮಿಂಗ್ ಮತ್ತು ಇಂಧನದ ಪ್ರಮಾಣವನ್ನು ಸರಿಪಡಿಸುವ ಕೆಲಸವನ್ನು ಬೀದಿಬದಿಯಲ್ಲಿ ಕಿವಿಯ ಅಂದಾಜಿನಿಂದ ಮಾಡಿಸುವುದು ಸರಿಯಲ್ಲ. ಪಂಪನ್ನು ಬೆಂಚಿನ ಮೇಲೆ ಕೂರಿಸಿ ಕಂಪನಿಯ ಅಳತೆಗೆ ಹೊಂದಿಸಿ ಮತ್ತೆ ಮೊಹರು ಹಾಕುವ ಕಾರ್ಯಾಗಾರಗಳಿಗೆ ಕೊಡಬೇಕು. ಈ ವಿದ್ಯೆಯ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರೆಂದೇ ಹೇಳಬೇಕು. ಡೀಸೆಲ್ ಪಂಪು ಮತ್ತು ಸ್ಪಾರ್ಕ್ ಪ್ಲಗ್‌ಗಳಿಗೆ ಹೆಸರಾದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಾರ್ಖಾನೆ ಬೆಳೆದದ್ದು ಆಡುಗೋಡಿಯಲ್ಲಿ, ಬಿ.ಟಿ.ಎಂ. ಲೇಔಟಿನ ಒಂದು ಭಾಗಕ್ಕೆ ಇಂದಿಗೂ ಮೈಕೋ ಲೇಔಟ್ ಎಂಬ ಹೆಸರೇ ಇದೆ.

ಹೊಗೆಯ ಬಣ್ಣವನ್ನೂ ಗಮನಿಸತಕ್ಕದ್ದು. ಕಪ್ಪು ಹೊಗೆ ಮೇಲೆ ಹೇಳಿದ ದೋಷಗಳದ್ದು. ನೀಲಿ ಹೊಗೆ ಎಂಜಿನ್ ಆಯಿಲ್ ಸುಡುತ್ತಿರುವುದರ ಗುರುತು. ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲ್ ಸವೆದಿರುತ್ತದೆ. ಯಂತ್ರಕ್ಕೆ ಬಣ್ಣ ತಿಳಿಯದು, ನೀಲಿ ಹೊಗೆಯೂ ಬೆಳಕನ್ನು ತಡೆಯುತ್ತದೆ. ಆದರೆ ಮಾಲೀಕರ ಪಾಲಿಗೆ ಇವೆರಡರ ನಡುವಿನ ವ್ಯತ್ಯಾಸ ದೊಡ್ಡದು, ಏಕೆಂದರೆ ರಿಂಗು ಸವೆದ ಎಂಜಿನ್ನಿಗೆ ನಾಜಲ್ ಬದಲಿಸಿ ಉಪಯೋಗವಿಲ್ಲ.

ಪೆಟ್ರೋಲ್ ಮತ್ತು ಅನಿಲದ ವಾಹನಗಳು

ಮಾರುತಿ ಓಮ್ನಿಯಂತಹ ವ್ಯಾನುಗಳನ್ನು ಇಟ್ಟುಕೊಂಡಿರುವ ಅಂಗಡಿಯವರಿಗೆ ವಿಶ್ಲೇಷಕ ಯಂತ್ರದ ಚೀಟಿಯೇ ಅರ್ಧ ರೋಗನಿರ್ಣಯ ಮಾಡಿಕೊಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಮಾತ್ರ ಹೆಚ್ಚಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಅತಿಯಾಗಿದೆ: ಕಟ್ಟಿಕೊಂಡ ಏರ್ ಫಿಲ್ಟರ್, ಅರ್ಧ ಎಳೆದುಕೊಂಡೇ ಉಳಿದ ಚೋಕ್, ಸವೆದ ಕಾರ್ಬ್ಯುರೇಟರ್ ಜೆಟ್, ಇಂಜೆಕ್ಷನ್ ಗಾಡಿಯಾದರೆ ಕೆಟ್ಟ ಆಕ್ಸಿಜನ್ ಸೆನ್ಸರ್. ಇಲ್ಲಿಯೂ ಎತ್ತರದ ಪ್ರಭಾವವಿದೆ. ಕರಾವಳಿಯಲ್ಲಿ ಹೊಂದಿಸಿದ ಕಾರ್ಬ್ಯುರೇಟರ್ ಬೆಂಗಳೂರಿಗೆ ಬಂದರೆ ಪೆಟ್ರೋಲನ್ನು ಹೆಚ್ಚಾಗಿಯೇ ಕೊಡುತ್ತದೆ. ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಪೆಟ್ರೋಲ್ ಸುಡದೆ ಹೊರಬರುತ್ತಿದೆ: ಪ್ಲಗ್, ಪ್ಲಗ್ ವಯರ್, ಕಾಯಿಲ್, ಅಥವಾ ಕಂಪ್ರೆಷನ್ ಇಲ್ಲದ ಸಿಲಿಂಡರ್. ಎರಡೂ ಹೆಚ್ಚಿದ್ದು ಎಂಜಿನ್ ಸರಿಯಾಗಿಯೇ ಓಡುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಸಂದೇಹ ಪಡಬೇಕು. ಅದರೊಳಗಿನ ಬೆಲೆಬಾಳುವ ಲೋಹಕ್ಕಾಗಿ ಒಳಭಾಗವನ್ನು ತೆಗೆದು ಖಾಲಿ ಡಬ್ಬಿಯನ್ನು ಮತ್ತೆ ಜೋಡಿಸಿರುವುದು ಸೆಕೆಂಡ್ ಹ್ಯಾಂಡ್ ವಾಹನಗಳಲ್ಲಿ ಉಂಟು. ಬಿ.ಎಸ್.-3ರ ಶೇ. 0.5 ಮಿತಿಯನ್ನು ಖಾಲಿ ಡಬ್ಬಿಯೊಡನೆ ಮುಟ್ಟುವುದು ಬಹಳ ಕಷ್ಟ.

ಎಲ್.ಪಿ.ಜಿ. ಅಥವಾ ಸಿ.ಎನ್.ಜಿ.ಗೆ ಪರಿವರ್ತಿಸಿದ ವಾಹನವಾದರೆ ಆ ಬದಲಾವಣೆ ಆರ್.ಸಿ.ಯಲ್ಲಿ ನಮೂದಾಗಿರಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಸ್ವತಃ ಒಂದು ತಪ್ಪು. ಹೊಗೆ ಎಷ್ಟೇ ಶುದ್ಧವಾಗಿದ್ದರೂ ಎಫ್.ಸಿ. ಅಲ್ಲಿಯೇ ನಿಲ್ಲುತ್ತದೆ.

ತಪಾಸಣೆಯ ದಿನ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಪಕ್ಕದ ಬೀದಿಯ ತಪಾಸಣಾ ಕೇಂದ್ರಕ್ಕೆ ನೇರವಾಗಿ ಹೋಗುವುದು ದೊಡ್ಡ ತಪ್ಪು. ಡೀಸೆಲ್ ಎಂಜಿನ್ನಿನ ಆಯಿಲ್ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಆರಂಭಿಸುವುದೇ ಸುಮಾರು 250ರಿಂದ 300 ಡಿಗ್ರಿಯಲ್ಲಿ. ಹೊರವರ್ತುಲ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಮೂರನೆಯ ಗೇರಿನಲ್ಲಿ ಓಡಿಸಿ ತಂದರೆ ಎಂಜಿನ್ ಬಿಸಿಯಾಗುವುದರ ಜೊತೆಗೆ, ನಗರದ ನಿಧಾನ ಸಂಚಾರದಲ್ಲಿ ಸೈಲೆನ್ಸರಿನೊಳಗೆ ಕೂತ ಮಸಿಯೂ ಹೊರಟುಹೋಗುತ್ತದೆ. ಕೇಂದ್ರದಲ್ಲಿ ಸಾಲು ಉದ್ದವಾಗಿದ್ದರೆ ಎಂಜಿನ್ ಆರಿಸಬಾರದು. ಅಳತೆಗೆ ಮುನ್ನ ಕೆಲವು ಬಾರಿ ಆಕ್ಸಿಲರೇಟರ್ ಒತ್ತಿ ಕೊಳವೆ ಶುಚಿ ಮಾಡುವುದು ಪದ್ಧತಿಯಲ್ಲಿಯೇ ಇದೆ. ಅದನ್ನು ಬಿಟ್ಟು ಮೊದಲ ಒತ್ತಿಗೇ ಅಳತೆ ತೆಗೆಯುತ್ತಿದ್ದರೆ ಮಾಲೀಕರು ವಿನಯದಿಂದಲೇ ಕೇಳಬಹುದು.

ಸೈಲೆನ್ಸರಿನಲ್ಲಿ ತೂತಿದ್ದರೆ ಮೊದಲೇ ಬೆಸುಗೆ ಹಾಕಿಸಬೇಕು. ಹೊರಗಿನ ಗಾಳಿ ಬೆರೆತು ಅಳತೆ ತಪ್ಪಾಗುತ್ತದೆ, ಬಿ.ಎಸ್.-4 ಪೆಟ್ರೋಲ್ ವಾಹನಗಳಿಗಿರುವ ಲ್ಯಾಂಬ್ಡಾ ಪರೀಕ್ಷೆಯಲ್ಲಿ ಇದೊಂದೇ ಕಾರಣಕ್ಕೆ ಗಾಡಿ ಅನುತ್ತೀರ್ಣವಾಗಬಹುದು. ಮತ್ತೊಂದು ಎಚ್ಚರಿಕೆ ಹಣದ ದೃಷ್ಟಿಯಿಂದ ಮುಖ್ಯ. ಡೀಸೆಲ್ ಪರೀಕ್ಷೆಯಲ್ಲಿ ಎಂಜಿನ್ ಪದೇ ಪದೇ ಗರಿಷ್ಠ ವೇಗಕ್ಕೆ ಏರುತ್ತದೆ. ಟೈಮಿಂಗ್ ಬೆಲ್ಟಿನ ಅವಧಿ ಮುಗಿದಿರುವ, ಆಯಿಲ್ ಕಡಿಮೆಯಿರುವ ಗಾಡಿಯನ್ನು ಹಾಗೆಯೇ ಒಯ್ದರೆ ಹೊಗೆ ಪತ್ರಕ್ಕೆಂದು ಹೋದವರು ಎಂಜಿನ್ ಕಳೆದುಕೊಂಡು ಬರಬೇಕಾದೀತು.

ಪತ್ರ, ದಂಡ, ವಿಮೆ

ವಾಹನವನ್ನೇ ತಾರದೆ ಪತ್ರ ಮಾಡಿಸಿಕೊಡುವೆವೆನ್ನುವವರು ಹಿಂದೆಯೂ ಇದ್ದರು. ಆದರೆ ಈಗ ತಪಾಸಣೆಯ ವಿವರ ಸಂಖ್ಯಾಫಲಕದ ಚಿತ್ರದೊಡನೆ ಗಣಕದಲ್ಲಿ ದಾಖಲಾಗುತ್ತದೆ. ಅಲ್ಲದೆ ಕೈಯಲ್ಲಿ ಪತ್ರವಿದ್ದರೂ ರಸ್ತೆಯಲ್ಲಿ ಅಧಿಕಾರಿಗಳು ವಾಹನವನ್ನು ಮತ್ತೆ ತಪಾಸಣೆಗೆ ಒಳಪಡಿಸಬಹುದು. 2019ರ ತಿದ್ದುಪಡಿಯ ಅನಂತರ 190ನೆಯ ಕಲಮಿನ ಅನ್ವಯ ಮಾಲಿನ್ಯ ಮಿತಿಯ ಉಲ್ಲಂಘನೆಗೆ 10,000 ರೂ.ವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ; ಚಾಲನಾ ಪರವಾನಗಿಯೂ ಮೂರು ತಿಂಗಳು ಅನರ್ಹವಾಗುತ್ತದೆ. ಒಬ್ಬನೇ ಚಾಲಕನಿರುವ ಸಂಸ್ಥೆಗೆ ದಂಡಕ್ಕಿಂತ ಈ ಕೊನೆಯದೇ ಹೆಚ್ಚು ಹೊರೆ.

ವಿಮೆಯ ಬಗ್ಗೆ ವರ್ತಕರಲ್ಲಿ ಗೊಂದಲವಿದೆ. ಮಾಲಿನ್ಯ ತಪಾಸಣಾ ಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಆದೇಶಿಸಿತ್ತು. ಬಹಳಷ್ಟು ವಾಹನಗಳು ವಿಮೆಯೇ ಇಲ್ಲದೆ ಓಡಾಡುವಂತಾದುದರಿಂದ 2024ರ ಜುಲೈನಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಪತ್ರವಿಲ್ಲವೆಂಬ ಕಾರಣಕ್ಕೆ ಅಪಘಾತದ ಪರಿಹಾರ ನಿರಾಕರಿಸುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿಯೇ ಸ್ಪಷ್ಟಪಡಿಸಿದೆ. ಆದರೆ ಈ ಸಮಾಧಾನ ಎಫ್.ಸಿ.ಗೆ ಅನ್ವಯಿಸದು. ಅರ್ಹತಾ ಪತ್ರದ ಅವಧಿ ಮುಗಿದ ಸರಕು ವಾಹನ ಅಪಘಾತಕ್ಕೀಡಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅವಕಾಶವಿದೆ.

ದುರಸ್ತಿಯೋ, ವಿಲೇವಾರಿಯೋ

ದೆಹಲಿಯಲ್ಲಿ 2015ರ ಹಸಿರು ನ್ಯಾಯಮಂಡಳಿಯ ಆದೇಶ ಮತ್ತು ಅದನ್ನು ಎತ್ತಿಹಿಡಿದ 2018ರ ಸುಪ್ರೀಂ ಕೋರ್ಟ್ ಆದೇಶ ಡೀಸೆಲ್ ವಾಹನಕ್ಕೆ ಹತ್ತು ವರ್ಷ, ಪೆಟ್ರೋಲಿಗೆ ಹದಿನೈದು ವರ್ಷವೆಂದು ವಯೋಮಿತಿ ಹಾಕಿದವು. ಬೆಂಗಳೂರಿನ ಖಾಸಗಿ ಮಾಲೀಕರಿಗೆ ಅಂತಹ ವಯೋಮಿತಿಯಿಲ್ಲ. ತಪಾಸಣೆಯಲ್ಲಿ ತೇರ್ಗಡೆಯಾಗುವವರೆಗೆ ವಾಹನ ಓಡಬಹುದು. ಆದರೆ ಹದಿನೈದು ವರ್ಷ ದಾಟಿದ ವಾಹನಗಳ ಅರ್ಹತಾ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಅಧಿಸೂಚನೆಯಲ್ಲಿ, ಅನಂತರ 2025ರಲ್ಲಿ ಮತ್ತೊಮ್ಮೆ ಗಣನೀಯವಾಗಿ ಏರಿಸಿದೆ. ಹಳೆಯ ರಸೀದಿಯನ್ನು ನಂಬದೆ ಅಂದಿನ ದರವನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿಕೊಂಡೇ ಲೆಕ್ಕ ಹಾಕಬೇಕು.

ಲೆಕ್ಕದ ರೀತಿ ಹೀಗೆ. ಫಿಲ್ಟರ್, ಟ್ಯಾಪೆಟ್, ನಾಜಲ್ ಕೆಲಸಗಳಿಂದ ಹೊಗೆ ಮಿತಿಯೊಳಗೆ ಬಂದರೆ ಆ ಖರ್ಚು ಇಂಧನದ ಉಳಿತಾಯದಲ್ಲಿಯೇ ಬಹುಪಾಲು ಮರಳುತ್ತದೆ, ಸಂದೇಹವಿಲ್ಲದೆ ಮಾಡಿಸತಕ್ಕದ್ದು. ಪಂಪಿನ ಪೂರ್ಣ ದುರಸ್ತಿ ಗಾಡಿಯನ್ನು ಇನ್ನೆರಡು ಮೂರು ವರ್ಷ ಇಟ್ಟುಕೊಳ್ಳುವುದಾದರೆ ಯೋಗ್ಯ. ಕಂಪ್ರೆಷನ್ ಪರೀಕ್ಷೆಯಲ್ಲಿ ರಿಂಗು, ಬೋರು ಸವೆದಿದ್ದು ಕಂಡರೆ, ಅದೂ ಹದಿನೈದು ವರ್ಷ ದಾಟಿದ ಗಾಡಿಯಾದರೆ, ಎಂಜಿನ್ ಕೆಲಸದ ಜೊತೆಗೆ ಏರಿದ ಶುಲ್ಕ, ಪ್ರತಿವರ್ಷದ ಅಲೆದಾಟ ಎಲ್ಲವನ್ನೂ ಸೇರಿಸಿ ಗಾಡಿಯ ಮಾರಾಟದ ಬೆಲೆಯೊಡನೆ ತೂಗಿ ನೋಡಬೇಕು. ಅಂತಹ ಗಾಡಿಯನ್ನು ಪ್ರತಿವರ್ಷ ಹೇಗೋ ದಾಟಿಸುತ್ತ ಹೋಗುವುದು ಅಭಿಮಾನದ ಮಾತೇ ಹೊರತು ವ್ಯಾಪಾರದ ಮಾತಲ್ಲ.

ವಿಲೇವಾರಿಗೆ ನಿರ್ಧರಿಸಿದವರು ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡುವುದು ಲೇಸು. ಅಲ್ಲಿ ದೊರೆಯುವ ಠೇವಣಿ ಪ್ರಮಾಣಪತ್ರವನ್ನು ತೋರಿಸಿ ಹೊಸ ವಾಹನ ಕೊಂಡರೆ ನೋಂದಣಿ ಶುಲ್ಕದ ವಿನಾಯಿತಿಯುಂಟು. ಸರಕು ವಾಹನದ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಬೀದಿಯ ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡಬಹುದು, ಆದರೆ ಆರ್.ಸಿ. ರದ್ದಾಗದೆ ಉಳಿಯುತ್ತದೆ. ಗಾಡಿ ಬಿಡಿಭಾಗಗಳಾಗಿ ಚದುರಿಹೋದ ಮೇಲೂ ಇಲಾಖೆಯ ದಾಖಲೆಯಲ್ಲಿ ಅದು ಹಳೆಯ ಮಾಲೀಕರ ಹೆಸರಿನಲ್ಲಿಯೇ ಇರುತ್ತದೆ, ತೆರಿಗೆಯ ಬಾಕಿಯ ನೋಟೀಸೂ ಅದೇ ವಿಳಾಸಕ್ಕೆ ಬರುತ್ತದೆ.